ಮರ, ಮರೆ ಮತ್ತು ನೆರೆ

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಬೈಕಂಪಾಡಿ ಸುತ್ತಮುತ್ತಲಿನ ನರ್ಸರಿಗಳಲ್ಲಿ ಜನ ಸೇರುತ್ತಾರೆ. ಹಿಂದೆಲ್ಲ ಕೇಳುತ್ತಿದ್ದುದು ಕಸಿ ಮಾವು, ತೆಂಗು, ಮಲ್ಲಿಗೆ. ಈಗ ಕೇಳುವ ಗಿಡಕ್ಕೆ ಹೆಸರಿಲ್ಲ, ಲಕ್ಷಣಗಳಷ್ಟೇ ಇವೆ. ಬೇಗ ಬೆಳೆಯಬೇಕು. ವರ್ಷವಿಡೀ ಹಸಿರಾಗಿರಬೇಕು, ಎಲೆ ಉದುರಿಸಬಾರದು. ಬೇಸಿಗೆಯಲ್ಲಿ ನೀರು ಕೇಳಬಾರದು. ಹೂವು, ಹಣ್ಣು ಬಿಡದಿದ್ದರೂ ಚಿಂತೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಚೆಯವರಿಗೆ ಈಚೆ ಕಾಣಬಾರದು.

2014ರ ಜೂನ್ ತಿಂಗಳಲ್ಲಿ ನಾವೂ ಇದೇ ಪಟ್ಟಿ ಹಿಡಿದು ನರ್ಸರಿಗೆ ಹೋಗಿದ್ದೆವು. ನಮಗೆ ಬೇಕಾದ ಗಿಡ ಸಿಕ್ಕಿತು. ಅದು ನಾವು ಕೇಳಿದ್ದನ್ನೆಲ್ಲ ಕೊಟ್ಟಿತು, ಕೇಳದಿದ್ದುದನ್ನೂ ಕೊಟ್ಟಿತು. ಆ ಅನುಭವದಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬೇಕೆಂದಿದ್ದೇವೆ. ನೆರೆಯವರ ಕಣ್ಣಿನಿಂದ ಮರೆಯಾಗಿರುವ ಹಕ್ಕು ಮನುಷ್ಯನಿಗೆ ಎಷ್ಟಿದೆ? ಆ ಹಕ್ಕು ಎಲ್ಲಿಗೆ ಮುಗಿಯುತ್ತದೆ?

ಬೈಕಂಪಾಡಿಯನ್ನು ಬಲ್ಲವರಿಗೆ ಈ ಪ್ರಶ್ನೆ ಯಾಕೆ ಹುಟ್ಟಿತೆಂದು ಹೆಚ್ಚು ವಿವರಿಸಬೇಕಾಗಿಲ್ಲ. ಪಡುವಣಕ್ಕೆ ಕಡಲು, ನಡುವೆ ಹೆದ್ದಾರಿ, ಮೂಡಣಕ್ಕೆ ಕೈಗಾರಿಕಾ ಪ್ರದೇಶ, ತೆಂಕಣಕ್ಕೆ ಪಣಂಬೂರು ಬಂದರು. 1975ರ ಜನವರಿಯಲ್ಲಿ ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಆ ಬಂದರನ್ನು ಉದ್ಘಾಟಿಸಿದರು. ಮರುವರ್ಷ ರಸಗೊಬ್ಬರ ಕಾರ್ಖಾನೆ ಶುರುವಾಯಿತು. ಮುಂದೆ ಅದಿರಿನ ಉಂಡೆ ಮಾಡುವ ಸ್ಥಾವರ, ತೈಲ ಶುದ್ಧೀಕರಣಾಗಾರ, ನೂರಾರು ಸಣ್ಣ ಪುಟ್ಟ ಕಾರ್ಖಾನೆಗಳು ಬಂದವು. ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೋಗಿ ನೆಲೆಸಿದವು. ಗದ್ದೆ, ಹಿತ್ತಿಲು, ತೆಂಗಿನ ತೋಟದ ನಡುವೆ ಬಾಳಿದ ಜನ ಬ್ಲಾಕುಗಳ ಲೆಕ್ಕದಲ್ಲಿ ಮನೆ ಕಟ್ಟಿಕೊಂಡರು. ಇಂದಿಗೂ ಅಲ್ಲಿ ವಿಳಾಸ ಕೇಳಿದರೆ ಎಷ್ಟನೇ ಬ್ಲಾಕ್ ಎಂದೇ ಹೇಳುತ್ತಾರೆ.

ಹಿಂದಿನ ಹಿತ್ತಿಲುಗಳಿಗೆ ಎತ್ತರದ ಗೋಡೆ ಬೇಕಿರಲಿಲ್ಲ. ಎರಡು ಮನೆಗಳ ನಡುವಿನ ದೂರವೇ ಮರೆಯಾಗಿತ್ತು. ದೂರ ಕಡಿಮೆಯಾದ ಮೇಲೆ ಮರೆಯನ್ನು ಕಟ್ಟಿಕೊಳ್ಳಬೇಕಾಯಿತು, ಇಲ್ಲವೇ ಬೆಳೆಸಿಕೊಳ್ಳಬೇಕಾಯಿತು.

ನಮ್ಮ ಅಬ್ಬಾ 1987ರಲ್ಲಿ ಬಂದರಿನ ಕೆಲಸಕ್ಕೆಂದು ಶಿವಮೊಗ್ಗ ಕಡೆಯಿಂದ ಇಲ್ಲಿಗೆ ಬಂದವರು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತಿದ್ದ ನಾವು ಇಲ್ಲಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತೆವು. ಅಬ್ಬಾ ಏಳು ಸೆಂಟ್ಸ್ ಜಾಗ ಕೊಂಡು, ಮುರಕಲ್ಲಿನ ಗೋಡೆ ಎಬ್ಬಿಸಿ, ಹಂಚು ಹೊದಿಸಿದರು. ಉತ್ತರದ ಮಗ್ಗುಲಲ್ಲಿ ಒಬ್ಬ ಅಕ್ಕನ ಮನೆ. ತುಳು ಮಾತನಾಡುವ ಹಿಂದೂ ಕುಟುಂಬ. ನಡುವೆ ನೆಕ್ಕಿ, ದಾಸವಾಳದ ಬೇಲಿ, ಎದೆಮಟ್ಟದ್ದು. ಬೇಲಿಯ ಮಧ್ಯದಲ್ಲಿ ಒಂದು ತಡಮೆ. ದನ ನುಗ್ಗದು, ಮನುಷ್ಯರು ದಾಟಬಹುದು. ಅಮ್ಮಿಗೆ ತುಳು ಬಾರದು, ಅಕ್ಕನಿಗೆ ಉರ್ದು ಬಾರದು. ಇಬ್ಬರಿಗೂ ಅರೆಬರೆ ಬರುತ್ತಿದ್ದ ಕನ್ನಡದಲ್ಲಿ ಇಪ್ಪತ್ತೈದು ವರ್ಷ ಆ ಬೇಲಿಯ ಮೇಲಿಂದ ಮಾತು ನಡೆಯಿತು. ಮೀನಿನ ದರ, ಮಕ್ಕಳ ಜ್ವರ, ಸೊಸೆಯಂದಿರ ಸ್ವಭಾವ, ಯಾವುದೂ ಬಿಟ್ಟಿರಲಿಲ್ಲ.

ಮೂಡಣದ ಮಗ್ಗುಲಿನ ಖಾಲಿ ಜಾಗದಲ್ಲಿ 2012ರಲ್ಲಿ ಮೂರು ಮಾಳಿಗೆಯ ಕಟ್ಟಡ ಎದ್ದಿತು. ಕಾರ್ಖಾನೆಗಳಲ್ಲಿ ದುಡಿಯಲು ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದ ಹುಡುಗರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಒಂದು ಕೋಣೆಗೆ ಐದಾರು ಮಂದಿ. ಎಂಟು ಕಿಟಕಿಗಳು ನೇರವಾಗಿ ನಮ್ಮ ಅಂಗಳಕ್ಕೆ ತೆರೆದಿದ್ದವು. ಅಮ್ಮಿ ಬಾವಿಕಟ್ಟೆಗೆ ಹೋಗುವಾಗಲೂ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳತೊಡಗಿದರು. ಹೆಂಗಸರ ಬಟ್ಟೆಗಳು ಹಗ್ಗದಿಂದ ಮನೆಯೊಳಕ್ಕೆ ಬಂದವು. ಹೊರಗಿನ ಬಚ್ಚಲಿಗೆ ಹೋಗುವುದು ಕತ್ತಲಾದ ಮೇಲೆ ಎಂದಾಯಿತು. ಆ ಹುಡುಗರು ಕೆಟ್ಟದಾಗಿ ನಡೆದುಕೊಂಡರೆಂದು ಹೇಳಲಾರೆವು. ಪಾಳಿ ಮುಗಿಸಿ ಬಂದವರಿಗೆ ಕಿಟಕಿಯಲ್ಲಿ ನಿಲ್ಲುವುದೊಂದೇ ವಿರಾಮ. ಆದರೆ ನೋಡುವವನ ಮನಸ್ಸು ಶುದ್ಧವಾಗಿದ್ದರೂ ನೋಡಿಸಿಕೊಳ್ಳುವವರ ಬದುಕು ಕುಗ್ಗುತ್ತದೆ ಎಂಬುದು ನಮಗೆ ಗೊತ್ತಾಯಿತು.

ಕುವೈತ್‌ನಲ್ಲಿದ್ದ ತಮ್ಮ ಪರಿಹಾರ ಸೂಚಿಸಿದ. ಅಲ್ಲಿ ಮನೆಗಳ ಸುತ್ತ, ರಸ್ತೆಗಳ ಅಂಚಿಗೆ, ಬೆಂಕಿಯಂಥ ಬಿಸಿಲಿನಲ್ಲೂ ಹಸಿರಾಗಿ ನಿಲ್ಲುವ ಮರದ ಗೋಡೆಗಳಿವೆಯಂತೆ. ಹೆಸರು ಕೊನೊಕಾರ್ಪಸ್. ಸೊಮಾಲಿಯಾ, ಯೆಮನ್ ಕರಾವಳಿ ಅದರ ತವರು. ಅಲ್ಲಿಂದ ಕೊಲ್ಲಿ ದೇಶಗಳಿಗೆ ಹೋಯಿತು, ಕೊಲ್ಲಿಯಿಂದ ನಮ್ಮ ದೇಶದ ನರ್ಸರಿಗಳಿಗೂ ಬಂತು. ಉಪ್ಪುನೀರು, ಬಿಸಿಲು, ಬರ ಯಾವುದಕ್ಕೂ ಜಗ್ಗದು. ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ತಮ್ಮ ಹಣ ಕಳುಹಿಸಿದ. ನಾವು ಎರಡೂವರೆ ಅಡಿಗೊಂದರಂತೆ ನಲವತ್ತು ಸಸಿ ನೆಟ್ಟೆವು.

ಮರೆ ಬೇಕಾಗಿದ್ದುದು ಮೂಡಣಕ್ಕೆ ಮಾತ್ರ. ನಾವು ನೆಟ್ಟದ್ದು ಮೂರು ದಿಕ್ಕಿಗೆ. ಒಂದು ಕಡೆ ಮಾತ್ರ ನೆಟ್ಟರೆ ಚೆಂದ ಕಾಣುವುದಿಲ್ಲ ಎಂದುಕೊಂಡೆವು. ಉತ್ತರದ ನೆಕ್ಕಿ ಬೇಲಿಯನ್ನು ಬುಡ ಸಮೇತ ಕಿತ್ತೆವು. ತಡಮೆಯ ಕಲ್ಲುಗಳನ್ನು ಎತ್ತಿ ಹೂವಿನ ಕುಂಡಗಳ ಅಡಿಗೆ ಇಟ್ಟೆವು. ಅಕ್ಕ ನಿಂತು ನೋಡುತ್ತಿದ್ದರು. "ಹಾಗಾದರೆ ಇನ್ನು ನಾನು ರಸ್ತೆ ಸುತ್ತಿಕೊಂಡು ಗೇಟಿನಿಂದಲೇ ಬರಬೇಕಲ್ಲ?" ಎಂದರು. ನಾವು ನಕ್ಕೆವು. ಅಕ್ಕನೂ ನಕ್ಕರು. ಮೊದಮೊದಲು ಗೇಟಿನಿಂದ ಬಂದರು. ಆಮೇಲೆ ಹಬ್ಬಗಳಿಗೆ ಬಂದರು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಮರೆ ಬಯಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಮುಚ್ಚಿಡುವಂಥದ್ದು ಏನೂ ಇಲ್ಲದವರು ಮರೆ ಯಾಕೆ ಬಯಸಬೇಕು ಎಂದು ಕೇಳುವವರಿದ್ದಾರೆ. ಇದು ಸರಿಯಾದ ಪ್ರಶ್ನೆಯಲ್ಲ. ಸ್ನಾನ ಮಾಡುವುದು, ಮಗುವಿಗೆ ಹಾಲೂಡುವುದು, ಒಬ್ಬರೇ ಕುಳಿತು ಅಳುವುದು, ಇವು ಯಾವುವೂ ಅಪರಾಧಗಳಲ್ಲ. ಆದರೂ ಇವಕ್ಕೆ ಮರೆ ಬೇಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋದಾಗ ಎಂಬತ್ತು ದಾಟಿದ ಹಿರಿಯರು. ಬಡವನ ಗುಡಿಸಲಿಗೂ ಒಂದು ಬಾಗಿಲು ಬೇಕು, ಆ ಬಾಗಿಲಿಗೆ ಬೆಲೆ ಇರಬೇಕು ಎಂಬುದೇ ಆ ತೀರ್ಪಿನಿಂದ ನಾವು ತಿಳಿದುಕೊಂಡ ಅರ್ಥ.

ನಮ್ಮ ಧರ್ಮಗ್ರಂಥವೂ ಇದನ್ನು ಹೇಳಿದೆ. ಇತರರ ಮನೆಗೆ ಅನುಮತಿ ಕೇಳದೆ, ಸಲಾಂ ಹೇಳದೆ ಹೋಗಬಾರದೆಂದು ಸೂರಾ ನೂರ್‌ನಲ್ಲಿದೆ. ಅನುಮತಿ ಕೇಳುವ ನಿಯಮ ಬಂದದ್ದೇ ಕಣ್ಣಿನ ಕಾರಣಕ್ಕೆಂದು ಪ್ರವಾದಿಯವರು (ಸ) ವಿವರಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಇವುಗಳನ್ನು ನಾವು ಚಿಕ್ಕಂದಿನಿಂದ ಕೇಳಿದ್ದೆವು. ಮರ ನೆಡುವಾಗ ಇವೇ ನಮಗೆ ಸಮರ್ಥನೆಗಳಾಗಿದ್ದವು. ಆದರೆ ಅದೇ ಸೂರಾದಲ್ಲಿ ಇನ್ನೊಂದು ಸೂಚನೆಯೂ ಇದೆ. ಮನೆಯೊಳಗಿನ ಮಕ್ಕಳು, ಕೆಲಸದವರು ಕೂಡ ಅನುಮತಿ ಕೇಳಿಯೇ ಒಳಬರಬೇಕಾದ ಮೂರು ಹೊತ್ತುಗಳು ಅವು. ಮುಂಜಾವದ ನಮಾಝಿಗೆ ಮುನ್ನ, ಉಡುಪು ಸಡಿಲಿಸುವ ನಡುಹಗಲು, ರಾತ್ರಿಯ ನಮಾಝಿನ ನಂತರ. ಉಳಿದ ಹೊತ್ತಿನಲ್ಲಿ ಒಬ್ಬರ ಬಳಿ ಒಬ್ಬರು ಓಡಾಡುವುದು ಸಹಜವೆಂದು ಅಲ್ಲಿಯೇ ಹೇಳಲಾಗಿದೆ.

ಈ ಸೂಚನೆಯನ್ನು ನಾವು ಎಷ್ಟೋ ಸಲ ಓದಿದ್ದೆವು, ಯೋಚಿಸಿರಲಿಲ್ಲ. ಮರೆಗೂ ಒಂದು ಹೊತ್ತಿದೆ ಎಂಬುದು ಅದರಲ್ಲಿದೆ. ಮರೆಯ ಸಾಧನವಾಗಿ ಅಲ್ಲಿ ಕಾಣುವುದು ಬಾಗಿಲು. ಬಾಗಿಲನ್ನು ತಟ್ಟಬಹುದು. ಒಳಗಿನವರು ತೆರೆಯಬಹುದು, ತೆರೆಯದಿರಲೂಬಹುದು. ತೆರೆಯದಿದ್ದರೆ ಬಂದವರು ಬೇಸರಿಸದೆ ಹಿಂತಿರುಗಬೇಕು. ಎರಡೂ ಕಡೆಯವರಿಗೆ ಅಲ್ಲಿ ಒಂದು ಮಾತಿಗೆ ಎಡೆಯಿದೆ. ನಾವು ನೆಟ್ಟ ನಿತ್ಯಹಸಿರಿನ ಗೋಡೆಗೆ ಹೊತ್ತೂ ಇಲ್ಲ, ಋತುವೂ ಇಲ್ಲ, ತಟ್ಟುವುದಕ್ಕೆ ಜಾಗವೂ ಇಲ್ಲ.

ಕನ್ನಡದಲ್ಲಿ ಮರೆ ಎಂದರೆ ಕಣ್ಣಿಗೆ ಅಡ್ಡವಾದದ್ದು. ಮರೆ ಎಂದರೆ ನೆನಪು ಬಿಡುವುದೂ ಹೌದು. ಹಳಗನ್ನಡದಲ್ಲಿ ಈ ಎರಡಕ್ಕೂ ಒಂದೇ ಬಗೆಯ ಗಡಸು ರಕಾರವಿತ್ತು, ಮರಕ್ಕೆ ಬೇರೆ ರಕಾರ. ಮರಕ್ಕೂ ಮರೆಗೂ ಹುಟ್ಟಿನ ನಂಟಿಲ್ಲ. ಆದರೆ ಅಡ್ಡವಾಗುವುದಕ್ಕೂ ಮರೆತುಹೋಗುವುದಕ್ಕೂ ನಂಟು ಕಟ್ಟಿದವರು ನಮ್ಮ ಹಿರಿಯರು. ಮರೆಹೋಗುವುದು ಎಂದರೆ ಆಶ್ರಯ ಬೇಡುವುದೆಂಬ ಅರ್ಥವೂ ಉಂಟು. ಒಂದೇ ಮರೆ ಆಶ್ರಯವಾಗಬಹುದು, ಮರೆವೂ ಆಗಬಹುದು. ಯಾವುದಾಗುತ್ತದೆಂಬುದು ಅದನ್ನು ಯಾರ ನಡುವೆ ನೆಡುತ್ತೇವೆ ಎಂಬುದರ ಮೇಲಿದೆ.

ನಮ್ಮ ಗೋಡೆ ಎರಡು ವರ್ಷಗಳಲ್ಲಿ ಆಳೆತ್ತರ ದಾಟಿತು. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಹೊರಗಿನವರು ಇಲ್ಲಿ ಬರವೆಲ್ಲಿ ಎಂದು ಕೇಳುತ್ತಾರೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಮುರಕಲ್ಲಿನ ನೆಲದಿಂದ ಕಡಲಿಗೆ ಹರಿದುಹೋಗುತ್ತದೆ. ಡಿಸೆಂಬರ್ ಕಳೆದ ಮೇಲೆ ಮೇ ತಿಂಗಳವರೆಗೆ ಗಿಡಮರಗಳಿಗೆ ಬರವೇ. 2016ರಲ್ಲಿ, ಮತ್ತೆ 2019ರಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟದ್ದು ಎಲ್ಲರಿಗೂ ನೆನಪಿರಬಹುದು. ಆ ಎರಡೂ ಬೇಸಿಗೆಗಳಲ್ಲಿ ಅಕ್ಕನ ಹಿತ್ತಿಲ ಬಸಳೆ ಚಪ್ಪರ ಒಣಗಿತು. ನಮ್ಮ ಗೋಡೆ ಮಾತ್ರ ಹಸಿರಾಗಿತ್ತು. ನಾವು ಹೆಮ್ಮೆಪಟ್ಟೆವು.

ಬರ ತಡೆಯುವ ಮರಗಳ ಗುಟ್ಟು ಎರಡು ಬಗೆಯದು. ಕೆಲವು ಮರಗಳು ಎಲೆಗೆ ಮೇಣದಂಥ ಲೇಪ ಹಚ್ಚಿಕೊಂಡು ಇರುವ ನೀರನ್ನು ಉಳಿಸಿಕೊಳ್ಳುತ್ತವೆ. ಕೆಲವು ದೂರದವರೆಗೆ ಬೇರು ಚಾಚಿ, ನೀರಿರುವಲ್ಲಿಗೆ ಹೋಗಿ ಕುಡಿಯುತ್ತವೆ. ನೀರು ಕೇಳದ ಮರವೆಂದು ನಾವು ಹೊಗಳುವಾಗ, ಅದು ನಮ್ಮನ್ನು ಕೇಳುವುದಿಲ್ಲ ಎಂದಷ್ಟೇ ಅರ್ಥ. 2018ರಲ್ಲಿ ಬಾವಿ ಕೆಸರು ತೆಗೆಯಲು ಇಳಿದವನು ಅಕ್ಕನ ಬಾವಿಯ ಕಲ್ಲಿನ ಸಂದುಗಳಿಂದ ತೊಗಲು ಬಣ್ಣದ ಬೇರಿನ ಕಂತೆಗಳನ್ನು ಎಳೆದು ತಂದ. ಆಚೆಯವರು ಇಣುಕಬಾರದೆಂದು ನೆಟ್ಟ ಮರ ತಾನೇ ಆಚೆಯವರ ಬಾವಿಗೆ ಇಣುಕಿತ್ತು. ಅಕ್ಕ ಏನೂ ಅನ್ನಲಿಲ್ಲ. ಬೇರುಗಳನ್ನು ಒಣಗಿಸಿ ಬಚ್ಚಲ ಒಲೆಗೆ ಹಾಕಿದರು.

ಇದು ನಮ್ಮೊಬ್ಬರ ಕತೆಯಲ್ಲವೆಂದು ಆಮೇಲೆ ತಿಳಿಯಿತು. ಕುವೈತ್‌ನಲ್ಲೇ ಈ ಮರದ ಬೇರುಗಳು ನೆಲದೊಳಗಿನ ಕೊಳವೆಗಳನ್ನು ಕೆಡಿಸುತ್ತವೆ ಎಂಬ ದೂರು ಎದ್ದಿತ್ತು. ಗುಜರಾತ್ ಸರಕಾರ 2023ರಲ್ಲಿ, ತಮಿಳುನಾಡು ಸರಕಾರ 2025ರಲ್ಲಿ ಇದನ್ನು ನೆಡುವುದನ್ನು ನಿಷೇಧಿಸಿದವು. ಬೇರಿನ ಕಾಟದ ಜೊತೆಗೆ, ಗಾಳಿಯಲ್ಲಿ ಹಾರುವ ಅದರ ಪರಾಗದಿಂದ ಶೀತ, ಕೆಮ್ಮು, ಅಸ್ತಮಾ ಹೆಚ್ಚುವ ಭಯವೂ ಅದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ಲೇಲ್ಯಾಂಡಿ ಎಂಬ ನಿತ್ಯಹಸಿರು ಮರದ ಬೇಲಿಗಳಿಂದ ನೆರೆಹೊರೆಯವರ ಜಗಳ ಎಷ್ಟು ಹೆಚ್ಚಿತೆಂದರೆ, 2003ರಲ್ಲಿ ಸಮಾಜವಿರೋಧಿ ವರ್ತನೆಯ ಕಾಯ್ದೆಯೊಳಗೆ ಎತ್ತರದ ಬೇಲಿಗಳಿಗೆಂದೇ ಒಂದು ಭಾಗ ಸೇರಿಸಬೇಕಾಯಿತು. ಎರಡು ಮೀಟರ್ ಮೀರಿ ಬೆಳೆದು ನೆರೆಯವರ ಬೆಳಕು ಅಥವಾ ದಾರಿಗೆ ಅಡ್ಡವಾಗುವ ನಿತ್ಯಹಸಿರು ಸಾಲಿನ ಮೇಲೆ ಅಲ್ಲಿ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ಎಲೆ ಉದುರಿಸುವ ಮರಗಳ ಸಾಲನ್ನು ಆ ಕಾನೂನು ಬಿಟ್ಟಿದೆ. ವರ್ಷಕ್ಕೊಮ್ಮೆಯಾದರೂ ಆಚೆಗೆ ಬೆಳಕು ಬಿಡುವ ಮರ ಕ್ಷಮಾರ್ಹವೆಂದು ಅವರಿಗೂ ತೋರಿರಬೇಕು.

ಕಾನೂನಿಗೂ ಎಷ್ಟೋ ಮೊದಲು, ಒಂಬತ್ತು ಶತಮಾನಗಳ ಹಿಂದೆ, ಇಮಾಮ್ ಗಝಾಲಿಯವರು ನೆರೆಹೊರೆಯ ಹಕ್ಕುಗಳನ್ನು ಬರೆಯುವಾಗ ಒಂದು ಮಾತು ಸೇರಿಸಿದ್ದಾರೆ. ನೆರೆಯವನ ಒಪ್ಪಿಗೆಯಿಲ್ಲದೆ ಅವನಿಗೆ ಗಾಳಿ ಬಾರದಂತೆ ಕಟ್ಟಡ ಎತ್ತರಿಸಬಾರದು ಎಂಬುದು ಅದರ ತಾತ್ಪರ್ಯ. ಅಲ್ಲಿಯೂ ಮುಖ್ಯವಾದುದು ಒಪ್ಪಿಗೆ. ಎತ್ತರಿಸಬಾರದೆಂದಲ್ಲ, ಕೇಳದೆ ಎತ್ತರಿಸಬಾರದು. ಮರ ನಮ್ಮ ನೆಲದಲ್ಲೇ ಇದೆಯಲ್ಲ ಎನ್ನುವುದು ಉತ್ತರವಾಗುವುದಿಲ್ಲ. ಮರದ ಬುಡ ಮಾತ್ರ ನಮ್ಮ ನೆಲದಲ್ಲಿರುತ್ತದೆ. ನೆರಳು, ಬೇರು, ಎಲೆ, ಗಾಳಿ ಯಾವುವೂ ಸರ್ವೆ ಕಲ್ಲನ್ನು ಕೇಳುವುದಿಲ್ಲ.

ಇಷ್ಟಾದರೂ ನಾವು ಆ ಮರಗಳನ್ನು ಕಡಿಸುತ್ತಿರಲಿಲ್ಲವೇನೋ. ಕಡಿಸಿದ ಕಾರಣ ಬೇರೆ.

2019ರ ಮೇ ತಿಂಗಳು. ರಂಝಾನ್. ನಳ್ಳಿಯಲ್ಲಿ ನೀರಿಲ್ಲದ ದಿನ. ನಾವು ಕೆಲಸಕ್ಕೆ ಹೋಗಿದ್ದೆವು, ಸೊಸೆ ತವರಿಗೆ ಹೋಗಿದ್ದಳು. ಉಪವಾಸದಲ್ಲಿದ್ದ ಅಮ್ಮಿ ವುಝೂಗೆಂದು ನೀರು ಸೇದಲು ಬಾವಿಕಟ್ಟೆಗೆ ಹೋಗಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಏಳಲಾಗಲಿಲ್ಲ, ಕೂಗುವ ಶಕ್ತಿಯೂ ಇರಲಿಲ್ಲ. ಝುಹರ್ ಬಾಂಗಿನ ಹೊತ್ತಿಗೆ ಬಿದ್ದವರು ಅಸರ್ ಬಾಂಗಿನವರೆಗೂ ಆ ಬಿಸಿಲಿನಲ್ಲಿ ಹಾಗೆಯೇ ಇದ್ದರು.

ಕೊನೆಗೆ ಅವರನ್ನು ಕಂಡವನು ಆ ಬಾಡಿಗೆ ಕಟ್ಟಡದ ಹುಡುಗ. ಪಾಳಿ ಮುಗಿಸಿ ಬಂದು ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದ. ನಮ್ಮ ಮರಗಳು ಮೊದಲ ಮಾಳಿಗೆಯ ಕಿಟಕಿಗಳನ್ನು ಮುಚ್ಚಿದ್ದವು, ಟೆರೇಸಿನ ಎತ್ತರಕ್ಕೆ ಇನ್ನೂ ಮುಟ್ಟಿರಲಿಲ್ಲ. ಆಮೇಲೆ ಅವನೇ ನಮಗೆ ಹೇಳಿದ, ಅವನ ಭಾಷೆ ನಮಗೆ ಅರ್ಥವಾಗುತ್ತಿತ್ತು. ಮೊದಲ ಸಲ ಕಂಡಾಗ ಮುಖ ತಿರುಗಿಸಿದನಂತೆ. ಹೆಂಗಸರಿರುವ ಅಂಗಳವನ್ನು ನೋಡಿದನೆಂದು ಯಾರಾದರೂ ಹಿಡಿದು ಹೊಡೆದಾರೆಂಬ ಭಯ. ಎರಡನೇ ಸಲ ನೋಡಿದಾಗ ಅಮ್ಮಿಯ ಕೈ ಅಲುಗಿತಂತೆ. ಮೂರು ಮಾಳಿಗೆ ಇಳಿದು, ಗೇಟು ಹಾರಿ ಬಂದ. ಮರುವರ್ಷ ಲಾಕ್‌ಡೌನಿನಲ್ಲಿ ಊರಿಗೆ ಹೋದವನು ಮರಳಿ ಬರಲಿಲ್ಲ.

ಅಕ್ಕ ಆಸ್ಪತ್ರೆಗೆ ಬಂದು ಅಮ್ಮಿಯ ಕಾಲ ಬಳಿ ಕುಳಿತು ಅತ್ತರು. ನಮ್ಮ ಕಡೆ ನೋಡದೆ ಹೇಳಿದರು. "ಶಬ್ದ ನನಗೆ ಕೇಳಿತ್ತು. ಕೊಡಪಾನ ಬಿದ್ದ ಹಾಗೆ. ಹಿಂದಿನ ಬೇಲಿಯಾಗಿದ್ದರೆ ಏನಾಯಿತೆಂದು ಕರೆದು ಕೇಳುತ್ತಿದ್ದೆ. ನೀವು ಇಷ್ಟು ದಪ್ಪ ಮರೆ ಮಾಡಿಕೊಂಡ ಮೇಲೆ ಆಚೆ ಏನಾಯಿತೆಂದು ಕೇಳುವುದು ಚೆಂದವಲ್ಲ ಎಂದು ಸುಮ್ಮನಾದೆ."

ಆ ಮಾತು ಈ ಹೊತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಮರದ ಗೋಡೆ ಶಬ್ದವನ್ನು ತಡೆದಿರಲಿಲ್ಲ. ತಡೆದದ್ದು ಅಕ್ಕನ ಅಧಿಕಾರವನ್ನು. ಕೇಳುವ, ವಿಚಾರಿಸುವ, ಕೂಗಿ ಕರೆಯುವ ಒಂದು ಹಕ್ಕು ಇಪ್ಪತ್ತೈದು ವರ್ಷಗಳಲ್ಲಿ ಅವರಿಗೆ ತಾನಾಗಿ ಬಂದಿತ್ತು. ನಲವತ್ತು ಸಸಿ ನೆಟ್ಟು ನಾವು ಅದನ್ನು ಹಿಂದಕ್ಕೆ ಪಡೆದಿದ್ದೆವು, ಒಂದು ಮಾತನ್ನೂ ಆಡದೆ. ಅಕ್ಕ ನಮ್ಮ ಇಚ್ಛೆಯನ್ನು ಗೌರವಿಸಿದ್ದರು. ಆ ಗೌರವದ ಬೆಲೆಯನ್ನು ಅಮ್ಮಿ ತೆತ್ತರು.

ಉರ್ದುವಿನಲ್ಲಿ ತಾಕ್‌ಝಾಂಕ್ ಎಂಬ ಪದವಿದೆ, ಕದ್ದು ಇಣುಕುವುದು. ಖಬರ್‌ಗೀರಿ ಎಂಬ ಪದವೂ ಇದೆ, ಒಬ್ಬರ ಸುದ್ದಿ ತಿಳಿದುಕೊಂಡು ಅವರನ್ನು ನೋಡಿಕೊಳ್ಳುವುದು. ಕನ್ನಡದಲ್ಲಿ ವಿಚಾರಿಸಿಕೊಳ್ಳುವುದು ಎನ್ನುತ್ತೇವಲ್ಲ, ಹಾಗೆ. ಎರಡೂ ಕಣ್ಣಿನ ಕೆಲಸಗಳೇ. ಮೊದಲನೆಯದು ನೋಡಿದವನಿಗಾಗಿ ನೋಡುವುದು, ಎರಡನೆಯದು ನೋಡಿಸಿಕೊಂಡವರಿಗಾಗಿ ನೋಡುವುದು. ಒಂದನ್ನು ತಡೆಯುವ ಭರದಲ್ಲಿ ಇನ್ನೊಂದನ್ನೂ ತಡೆಯುವ ಮರೆ ಅನ್ಯಾಯದ ಮರೆ. ಪರಿಚಯದವರ ಕಣ್ಣು ಎರಡನೆಯದು, ಅಪರಿಚಿತರ ಕಣ್ಣು ಮೊದಲನೆಯದು ಎಂದು ನಾವು ತಿಳಿದಿದ್ದೆವು. ಬಿಹಾರದ ಆ ಹುಡುಗ ಅದನ್ನೂ ಸುಳ್ಳು ಮಾಡಿದ.

ಮನೆಗೆ ಅನ್ವಯಿಸುವ ಈ ವಿವೇಚನೆಯನ್ನು ನಮ್ಮೂರಿನ ದೊಡ್ಡ ಕಾಂಪೌಂಡುಗಳಿಗೂ ಹಚ್ಚಿ ನೋಡಬೇಕು. ಅಲ್ಲಿಯೂ ನಿತ್ಯಹಸಿರು ಮರಗಳ ಸಾಲುಗಳಿವೆ. ದೊಡ್ಡ ಕೈಗಾರಿಕೆಗಳ ಪರಿಸರ ಅನುಮತಿಯಲ್ಲಿ ಜಾಗದ ಸುಮಾರು ಮೂರನೇ ಒಂದು ಪಾಲು ಹಸಿರು ಪಟ್ಟಿಯಾಗಬೇಕೆಂಬ ಷರತ್ತು ಬಹುಕಾಲದಿಂದ ಬರೆಯಲ್ಪಡುತ್ತಿತ್ತು. ಇಂಥ ಪಟ್ಟಿಯಲ್ಲಿ ಯಾವ ಮರಗಳನ್ನು ಹೇಗೆ ನೆಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2000ದಲ್ಲಿ ಮಾರ್ಗಸೂಚಿಯನ್ನೇ ಹೊರತಂದಿತು. ವರ್ಷವಿಡೀ ಎಲೆ ಇರುವ ಮರ ವರ್ಷವಿಡೀ ಹುಡಿ ಹಿಡಿಯುತ್ತದೆ. ಇದು ಒಳ್ಳೆಯದೇ. ತೈಲ ಶುದ್ಧೀಕರಣಾಗಾರದ ಕೋಕ್ ಘಟಕದ ಕಪ್ಪು ಹುಡಿ ಮನೆಗಳ ಮೇಲೆ ಬೀಳುತ್ತದೆಂದು ಜೋಕಟ್ಟೆ, ಕಳವಾರು ಕಡೆಯ ಜನ ಕಳೆದ ದಶಕದ ನಡುವಿನಲ್ಲಿ ವರ್ಷಗಟ್ಟಲೆ ಹೋರಾಡಿದಾಗ, ಘಟಕಕ್ಕೂ ಮನೆಗಳಿಗೂ ನಡುವೆ ಹಸಿರು ವಲಯ ಬೇಕೆಂಬುದೂ ಅವರ ಬೇಡಿಕ��ಯಾಗಿತ್ತು.

ಅಂದರೆ ಜನರೇ ಮರಗಳನ್ನು ಕೇಳಿದರು. ಆದರೆ ಅವರು ಕೇಳಿದ್ದು ಹುಡಿಗೆ ಅಡ್ಡವಾಗುವ ಮರ, ಕಣ್ಣಿಗೆ ಅಡ್ಡವಾಗುವ ಮರವಲ್ಲ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಹೆದ್ದಾರಿಯಲ್ಲಿ ಹೋಗುವವರು ಎಷ್ಟು ಹಸಿರಾಗಿದೆ ಎಂದು ಹೊಗಳುತ್ತಾರೆ. ಹಿಂದೆ ಏನು ನಡೆಯುತ್ತದೆಂದು ಕೇಳುವ ಅಭ್ಯಾಸ ನಿಧಾನವಾಗಿ ತಪ್ಪುತ್ತದೆ. ನಮ್ಮ ಮನೆಯೊಳಗಿನ ಬದುಕು ಯಾರ ಶ್ವಾಸಕ್ಕೂ ಹೋಗುವುದಿಲ್ಲ, ಆದ್ದರಿಂದ ಅದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಒಂದು ಚಿಮಿಣಿಯಿಂದ ಹೊರಟದ್ದು ನಮ್ಮ ಮಕ್ಕಳ ಶ್ವಾಸಕ್ಕೆ ಹೋಗುವುದಾದರೆ, ಅದನ್ನು ನೋಡುವ ಹಕ್ಕು ನಮಗಿದೆ. ಬಲವಿಲ್ಲದವರ ಮರೆಯನ್ನು ಕಾಯಬೇಕು, ಬಲವುಳ್ಳವರ ಮರೆಯನ್ನು ಪ್ರಶ್ನಿಸಬೇಕು. ನಮ್ಮ ಕಾಲದಲ್ಲಿ ನಡೆಯುತ್ತಿರುವುದು ಬಹುಪಾಲು ಇದಕ್ಕೆ ತಿರುಗುಮುರುಗು. ಸಾಮಾನ್ಯರ ಫೋನು, ಬ್ಯಾಂಕು, ಊಟ, ಉಡುಪು ಎಲ್ಲವೂ ಬಯಲಾಗುತ್ತಿವೆ. ಲೆಕ್ಕ ಕೊಡಬೇಕಾದವರ ಸುತ್ತ ಬೇಲಿ ದಟ್ಟವಾಗುತ್ತಿದೆ.

ಹಾಗಾದರೆ ಮರೆಯೇ ಇಲ್ಲದೆ ಬದುಕಬೇಕೇ ಎಂದು ನಮ್ಮ ಮನೆಯ ಸೊಸೆಯೇ ಕೇಳಿದಳು. ಎಂಟು ಕಿಟಕಿಗಳು ಇನ್ನೂ ಅಲ್ಲೇ ಇದ್ದವಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು. ಅಂಗಳದಲ್ಲಿ ಓಡಾಡುವುದು ಅವಳು, ನೀತಿ ಬರೆಯುವುದು ನಾವು. ಆದ್ದರಿಂದ ಮರ ಬೇಡವೆಂದು ತೀರ್ಮಾನಿಸಲಿಲ್ಲ. ಎಲ್ಲಿ, ಯಾವ ಮರ, ಯಾರನ್ನು ಕೇಳಿ ಎಂದು ತೀರ್ಮಾನಿಸಿದೆವು.

2019ರ ಮಳೆಗಾಲದಲ್ಲಿ ನಲವತ್ತೂ ಮರಗಳನ್ನು ಕಡಿಸಿ ಬುಡ ಕೀಳಿಸಿದೆವು. ಮೂಡಣದ ಕಡೆ, ಎರಡೂ ಬಾವಿಗಳಿಂದ ದೂರವಾಗಿ, ಸುರಹೊನ್ನೆ ಮತ್ತು ರೆಂಜೆ ನೆಟ್ಟೆವು. ಎರಡೂ ಈ ಕರಾವಳಿಗೆ ಒಗ್ಗಿದ ನಿತ್ಯಹಸಿರು ಮರಗಳು. ಸುರಹೊನ್ನೆಯ ದಪ್ಪ, ಮಿರುಗುವ ಎಲೆಗೆ ಕಡಲಿನ ಉಪ್ಪುಗಾಳಿ ತಾಗುವುದಿಲ್ಲ. ಅದರ ಬೀಜದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದರು. ರೆಂಜೆಯ ಹೂ ಒಣಗಿದರೂ ಪರಿಮಳ ಬಿಡದು. ಇವು ಬೇಗ ಬೆಳೆಯುವುದಿಲ್ಲ. ಮೊದಲ ಎರಡು ಮೂರು ಬೇಸಿಗೆ ಬುಡಕ್ಕೆ ತರಗೆಲೆ ಮುಚ್ಚಿ, ವಾರಕ್ಕೆರಡು ಸಲ ನೀರು ಕೊಡಬೇಕು. ಬೇರು ಇಳಿದ ಮೇಲೆ ಬೇಸಿಗೆಯನ್ನು ತಾವೇ ದಾಟುತ್ತವೆ. ಅಷ್ಟು ದಿನ ಏನು ಮಾಡುವುದು? ಕಟ್ಟಡದ ಮಾಲಿಕರಲ್ಲಿಗೆ ಹೋಗಿ ಕೇಳಿದೆವು. ಕೆಳಗಿನ ನಾಲ್ಕು ಕಿಟಕಿಗಳ ಗಾಜಿನ ಅರ್ಧಕ್ಕೆ, ಗಾಳಿ ತಪ್ಪದಂತೆ, ಮಂಜು ಕಾಗದ ಅಂಟಿಸಲು ಒಪ್ಪಿದರು. ಐದು ವರ್ಷ ಮೊದಲೇ ಈ ಒಂದು ಮಾತನ್ನು ಕೇಳಬಹುದಿತ್ತು. ಕೇಳುವುದಕ್ಕಿಂತ ನೆಡುವುದು ನಮಗೆ ಸುಲಭವೆನಿಸಿತ್ತು.

ಉತ್ತರದ ಕಡೆಗೆ ಏನು ನೆಡುವುದೆಂದು ಅಕ್ಕನನ್ನೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಮದರಂಗಿ ಎಂದರು. ನಮ್ಮ ಮೆಹಂದಿ, ಬ್ಯಾರಿಗಳ ಮೈಲಾಂಜಿ. ನೀರು ನಿಲ್ಲದ ಕಡೆ ಚೆನ್ನಾಗಿ ಬರುತ್ತದೆ, ಬಿಸಿಲಿಗೆ ಅಂಜುವುದಿಲ್ಲ, ಕತ್ತರಿಸಿದರೆ ಬೇಲಿಯಾಗಿ ಕೂರುತ್ತದೆ. ಸಾಲು ನೆಡುವಾಗ ನಡುವೆ ಮೂರಡಿ ಬಿಟ್ಟು, ಹೂಕುಂಡಗಳ ಅಡಿಯಿಂದ ಹಳೆಯ ಕಲ್ಲುಗಳನ್ನು ತಂದು ತಡಮೆ ಹಾಕಿದೆವು.

ಅಮ್ಮಿ ಮತ್ತೆ ಸರಿಯಾಗಿ ನಡೆಯಲಿಲ್ಲ. ವಾಕರ್ ಹಿಡಿದು ಆ ತಡಮೆಯವರೆಗೆ ಹೋಗಿ, ಕುರ್ಚಿಯಲ್ಲಿ ಕೂರುತ್ತಿದ್ದರು. ಅಕ್ಕ ಆಚೆಯಿಂದ ಮೊರದಲ್ಲಿ ಸೊಪ್ಪು ತಂದು ಸೋಸುತ್ತಾ ಮಾತಾಡುತ್ತಿದ್ದರು. ನಮ್ಮ ವಿರುದ್ಧ ಅಕ್ಕ ಒಂದು ಮಾತೂ ಆಡಲಿಲ್ಲ. ಅಮ್ಮಿಯಂತೂ ಬಿದ್ದ ದಿನದ ಪ್ರಸ್ತಾಪವನ್ನೇ ಎತ್ತಲಿಲ್ಲ. 2022ರಲ್ಲಿ ಅಮ್ಮಿ ತೀರಿಕೊಂಡಾಗ, ಜನಾಝ ಹೊರಡುವ ಮುನ್ನ ಅಕ್ಕ ಗೇಟಿನಿಂದ ಬರಲಿಲ್ಲ. ತಡಮೆ ದಾಟಿ ಬಂದರು.

ಕಳೆದ ವರ್ಷ ಅಕ್ಕನ ಮೊಮ್ಮಗಳ ಮದುವೆ. ಮದರಂಗಿಯ ಹಿಂದಿನ ದಿನ ಮನೆಯ ಹೆಣ್ಣುಮಕ್ಕಳೆಲ್ಲ ಬುಟ್ಟಿ ಹಿಡಿದು ಬೇಲಿಯ ಎರಡೂ ಮಗ್ಗುಲಲ್ಲಿ ನಿಂತು ಎಲೆ ಕೊಯ್ದರು. ಬೇಲಿ ಅರ್ಧಕ್ಕರ್ಧ ಬೋಳಾಯಿತು. ಮೂರು ವಾರ ಅವರ ಅಂಗಳ ನಮಗೆ, ನಮ್ಮ ಅಂಗಳ ಅವರಿಗೆ ಪೂರ್ತಿ ಕಾಣುತ್ತಿತ್ತು. ಆಮೇಲೆ ಚಿಗುರಿತು.